ಜಗ್ಗಿನಲ್ಲಿ ಬರೀ ನೀರು

ಜೂನ್ ೧೯, ಗುರುವಾರ

ಈ ನೋಟ್‌ಬುಕ್ಕು ಡಾಕ್ಟರಮ್ಮ ಕೊಟ್ಟದ್ದು. ದಿನಾ ಏನು ತಿಂದೆ, ಏನು ಕುಡಿದೆ ಎಂದು ಬರೆದು ತೋರಿಸಬೇಕಂತೆ. ತೋರಿಸುವುದಕ್ಕೆ ಬೇರೊಂದು ಕೊಂಡು ತಂದಿದ್ದೇನೆ. ಅದರಲ್ಲಿ ಅನ್ನ, ಮೀನು, ಸೊಪ್ಪು ಎಂದು ಜಾಣ ಹುಡುಗನ ಹಾಗೆ ಬರೆಯುತ್ತೇನೆ. ಇದು ನನಗೆ ಮಾತ್ರ.

ಲಿವರ್ ಕೆಟ್ಟಿದೆ. ಮೂರು ತಿಂಗಳು ಒಂದು ಹನಿ ಮುಟ್ಟುವಂತಿಲ್ಲ. ಸೆಪ್ಟೆಂಬರ್ ಹದಿನೇಳಕ್ಕೆ ಮತ್ತೆ ರಕ್ತ ಪರೀಕ್ಷೆ. ಆಗಲೂ ಹೀಗೇ ಇದ್ದರೆ ಅಂಗಡಿ ಮುಚ್ಚಿ ವಿಮಾನ ಹತ್ತಿ ನಾಹಾ ನಗರದ ದೊಡ್ಡ ಆಸ್ಪತ್ರೆಗೆ ಸೇರಬೇಕು. ಕುಡಿದರೆ ಏನಾಗುತ್ತದೆ ಎಂದು ಕೇಳಿದೆ. "ಅರವತ್ತು ನೋಡಲ್ಲ" ಎಂದಳು, ಹವಾಮಾನ ಹೇಳುವ ಹಾಗೆ. ನನಗೆ ಐವತ್ತೆಂಟು. ಅಪ್ಪ ಹೋದದ್ದು ಐವತ್ತೊಂಬತ್ತಕ್ಕೆ. ಅವನದೂ ಲಿವರೇ.

ಆಕೆ ಟೋಕಿಯೊದವಳು, ಏಪ್ರಿಲ್‌ನಲ್ಲಿ ನಮ್ಮ ಮಿಯಾಕೊ ದ್ವೀಪಕ್ಕೆ ಬಂದವಳು. ನಿಶಿಜಾತೊ ಬೀದಿಯಲ್ಲಿ ಮೂವತ್ತು ವರ್ಷದಿಂದ ರಾತ್ರಿ ಊಟದ ಅಂಗಡಿ ನಡೆಸುವವನಿಗೆ ಕುಡಿಯಬೇಡ ಎಂದರೆ ಏನರ್ಥ ಎಂದು ಆಕೆಗೆ ಗೊತ್ತಿಲ್ಲ. ರಾತ್ರಿ ಓತೊರಿ ಇರುತ್ತದೆ ಎಂದೆ, ಹಾಗೆಂದರೇನೆಂದು ಕೇಳಿದಳು.

"ಒಬ್ಬ ಎದ್ದು ನಿಂತು ನಾಲ್ಕು ಮಾತಾಡ್ತಾನೆ. ಒಂದು ಲೋಟ ಕುಡೀತಾನೆ. ಆಮೇಲೆ ಜಗ್ಗು ಹಿಡ್ಕೊಂಡು ಅದೇ ಲೋಟದಲ್ಲಿ ಕೂತಿರೋರಿಗೆಲ್ಲ ಒಬ್ಬೊಬ್ಬರಿಗೇ ಹಾಕ್ಕೊಡ್ತಾನೆ. ಸುತ್ತು ಮುಗೀತು ಅಂದ್ರೆ ಪಕ್ಕದೋನು ಏಳ್ತಾನೆ."

"ಎಷ್ಟು ಜನ ಇರ್ತಾರೆ?"

"ಎಂಟೋ ಹತ್ತೋ."

"ಎಲ್ಲರೂ ಒಂದೊಂದು ಸಲ ಎದ್ದ ಮೇಲೆ?"

"ಮತ್ತೆ ಮೊದಲಿಂದ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಬೇಡ ಎನ್ನಬಹುದಲ್ಲ ಎಂದಳು. ಬೇಡ ಅನ್ನುವವನು ಈ ದ್ವೀಪದವನೇ ಅಲ್ಲ ಎಂದೆ. ಮೂವತ್ತು ವರ್ಷದಿಂದ ಅಂಗಡಿಯಲ್ಲಿ ಇದನ್ನೇ ಗಂಟಲು ಹರಿಯುವಂತೆ ಹೇಳುತ್ತಾ ಬಂದಿದ್ದೇನೆ.

ವಾಪಸ್ ಬರುವಾಗ ಯಾಯೆಕೊ ಕಾರು ಓಡಿಸಿದಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಹೆಂಡತಿಯಾದವಳು ಇಂಥ ಹೊತ್ತಿನಲ್ಲಾದರೂ ಏನಾದರೂ ಹೇಳಬಾರದೆ? ಯಾರಿಗೂ ಬಾಯಿ ಬಿಡಬೇಡ ಎಂದು ನಾನೇ ಹೇಳಿದೆ. ಅದಕ್ಕೂ ಹೂಂ ಇಲ್ಲ, ಉಹೂಂ ಇಲ್ಲ.

ಜೂನ್ ೨೧, ಶನಿವಾರ

ಇವತ್ತು ಸುತ್ತು ನನ್ನ ಹತ್ತಿರ ಬಂದಾಗಲೆಲ್ಲ "ಅಯ್ಯೋ, ಒಲೆ!" ಎಂದು ಒಳಗೆ ಓಡಿದೆ. ಒಂಬತ್ತು ಸಲ. ನಿಜವಾಗಿಯೂ ಎರಡು ಪಾತ್ರೆ ಹಂದಿಮಾಂಸ ಸೀದುಹೋಯಿತು. ಪ್ರವಾಸಿಗಳನ್ನು ದೋಣಿಯಲ್ಲಿ ಹವಳ ತೋರಿಸಲು ಕರೆದೊಯ್ಯುವ ತೊಮೊರಿಗೆ ಬಾಯಿ ಸುಮ್ಮನಿರುವುದಿಲ್ಲ. "ಏನ್ ಯಜಮಾನ್ರೆ, ನಿಮ್ಮ ಒಲೆಗೆ ಭೇದಿ ಶುರುವಾಗಿದ್ಯಾ?" ಎಂದ. ಎಲ್ಲರೂ ನಕ್ಕರು. ನೆಮಾ ಮಾತ್ರ ನಗಲಿಲ್ಲ.

ನೆಮಾನ ವಿಷಯ ಬರೆದೇಬಿಡುತ್ತೇನೆ. ಅವನೂ ನಾನೂ ಒಂದೇ ಬೆಂಚಿನಲ್ಲಿ ಓದಿದವರು. ಅಂಚೆ ಕಚೇರಿಯಿಂದ ಈಗ ನಿವೃತ್ತ. ಹನ್ನೊಂದು ವರ್ಷದ ಹಿಂದೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಬಂದವನು, ಸುತ್ತು ಬಂದಾಗ, "ನನಗೆ ಟೀ ಕೊಡ್ತೀಯಾ ಗೆಂಕಿಚಿ" ಎಂದು ಮೆಲ್ಲಗೆ ಕೇಳಿದ. ನಾನು ಹತ್ತು ಜನರ ಮುಂದೆ, "ಯಾಕೋ, ಬಸುರಿಯೇನೋ ನೀನು?" ಎಂದೆ. ಅವನು ಲೋಟ ತೆಗೆದುಕೊಂಡು ಕುಡಿದ. ಆಮೇಲೆ ಒಂದು ವರ್ಷ ಅಂಗಡಿಗೆ ಕಾಲಿಡಲಿಲ್ಲ. ಮತ್ತೆ ಬಂದಾಗ ಆ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಅವನ ಮುಂದೆ ನಿಂತು ಯಾವ ಬಾಯಲ್ಲಿ ಟೀ ಕೇಳಲಿ?

ಜೂನ್ ೨೨

ನಿದ್ದೆ ಇಲ್ಲ. ಹೆದರಿಕೆಯಾಗುತ್ತಿದೆ.

ಜೂನ್ ೨೪, ಮಂಗಳವಾರ

ದಾರಿ ಸಿಕ್ಕಿತು! ಜಗ್ಗಿನಲ್ಲಿ ಅಕ್ಕಿ ಸಾರಾಯಿಗೆ ನೀರು ಬೆರೆಸುವುದು ಅಂಗಡಿಯವನ ಕೆಲಸ, ಅಂದರೆ ನನ್ನ ಕೆಲಸ. ಬರೀ ನೀರೇ ತುಂಬಿದರೆ ಕೇಳುವವರು ಯಾರು? ಜಗ್ಗಿನ ಬಾಯಿಗೆ ಹೊರಗಿನಿಂದ ಸ್ವಲ್ಪ ಸಾರಾಯಿ ಸವರಿದರೆ ವಾಸನೆ ಬರುತ್ತದೆ. ವಾಸನೆ ಬೇಡವೆಂದು ಡಾಕ್ಟರಮ್ಮ ಹೇಳಿಲ್ಲ. ಪಕ್ಕದಲ್ಲಿ ಖಾಲಿ ಬಾಟಲಿ ಇಟ್ಟರಾಯಿತು. ನೀರಿಗೆ ದುಡ್ಡು ಕೇಳುವ ಪಾಪ ಬೇಡ ಎಂದು, ಅಂಗಡಿಗೆ ಮೂವತ್ತು ತುಂಬಿದ ಖುಷಿಗೆ ಈ ಬೇಸಿಗೆ ಜಗ್ಗು ಪುಕ್ಕಟೆ ಎಂದು ಬೋರ್ಡು ಬರೆದೆ.

ಯಾಯೆಕೊಗೆ ಹೇಳಿದರೆ, "ಅವರೇನು ಕತ್ತೆಗಳಾ?" ಎಂದಳು.

"ಮೊದಲು ಬಿಯರ್ ಕುಡಿದಿರ್ತಾರೆ. ಆಮೇಲೆ ನಾಲಿಗೆಗೆ ಏನೂ ಗೊತ್ತಾಗಲ್ಲ. ನನಗೆ ಗೊತ್ತಿಲ್ವಾ ಕುಡುಕರ ವಿಷಯ?"

"ನಿಮಗಲ್ದೆ ಇನ್ಯಾರಿಗೆ ಗೊತ್ತಿರತ್ತೆ" ಎಂದು ಹಾಗಲಕಾಯಿ ಹೆಚ್ಚತೊಡಗಿದಳು. ನಾಲ್ಕು ಜನಕ್ಕೆ ಬೇಕಾದಲ್ಲಿ ಹತ್ತು ಜನಕ್ಕಾಗುವಷ್ಟು ಹೆಚ್ಚಿದಳು.

ಜೂನ್ ೨೫, ಬುಧವಾರ

ಗೆದ್ದೆ! ಆರು ಸುತ್ತು ನೀರು! ಒಬ್ಬನಿಗೂ ಗೊತ್ತಾಗಲಿಲ್ಲ. ಮೂರನೇ ಸುತ್ತಿಗೆ ನೆಮಾ ತೀರಿಹೋದ ತನ್ನ ಅಮ್ಮನನ್ನು ನೆನೆಸಿಕೊಂಡು ಗೊಳೋ ಎಂದು ಅತ್ತ. ತೊಮೊರಿ ಚಾಪೆಯ ಮೇಲೆ ಉರುಳಿ ಗೊರಕೆ ಹೊಡೆದ. ಬರೀ ನೀರು ಕುಡಿದು! ಅಮಲಿನಲ್ಲಿ ಮುಕ್ಕಾಲು ಪಾಲು ತಲೆಯಲ್ಲೇ ಇರುತ್ತದೆ ಎಂದು ಈಗ ತಿಳಿಯಿತು. ಇಷ್ಟು ವರ್ಷ ಬೀದಿಯವರೆಲ್ಲ ಸುಮ್ಮನೆ ಸಾರಾಯಿ ಖರ್ಚು ಮಾಡಿದ್ದೇವೆ.

ಬೇಗ ಎದ್ದರು ಈ ದಿನ. ನೆಮಾ ಷೂ ದಾರ ಚೆಂದವಾಗಿ ಗಂಟು ಹಾಕಿಕೊಂಡ. ಎಲ್ಲರೂ ಎದುರಿನ ಯೋನಾಹಾನ ಬಾರಿನ ಕಡೆ ನೆಟ್ಟಗೆ ನಡೆದು ಹೋದರು. ಒಂದಂಗಡಿಯಿಂದ ಇನ್ನೊಂದಕ್ಕೆ ಹೋಗುವುದು ನಮ್ಮ ಬೀದಿಯಲ್ಲಿ ಇದ್ದದ್ದೇ.

ಜುಲೈ ೧೨, ಶನಿವಾರ

ಒಸಾಕಾದಿಂದ ಒಂದು ಜೋಡಿ ಬಂದಿತ್ತು. ಹುಡುಗ ನೂಡಲ್ಸ್ ಬಟ್ಟಲು ನೋಡಿ, "ಇದರಲ್ಲಿ ಮಾಂಸ ಹಾಕೋದು ಮರೆತಿದ್ದೀರಿ" ಎಂದ. ಬೇರೆ ದಿನವಾಗಿದ್ದರೆ "ಅಗೆದು ನೋಡು" ಎಂದು ಒಳಗೆ ಹೋಗುತ್ತಿದ್ದೆ. ಕುಡಿಯದೆ ಇರುವವನಿಗೆ ಹೊತ್ತು ಹೋಗುವುದಿಲ್ಲ ನೋಡಿ, ಅಲ್ಲೇ ಕುಳಿತೆ. ನಮ್ಮಲ್ಲಿ ಮಾಂಸ ಯಾವಾಗಲೂ ನೂಡಲ್ಸಿನ ಅಡಿಯಲ್ಲೇ ಇರುವುದು, ಹಿಂದೆ ಕಂದಾಯದವರ ಕಣ್ಣಿಗೆ ಬೀಳದಿರಲಿ ಎಂದು ಬಚ್ಚಿಡುತ್ತಿದ್ದರಂತೆ ಎಂದು ಹೇಳಿದೆ. ಸುಳ್ಳೋ ನಿಜವೋ, ಅಜ್ಜಿ ಹೇಳಿದ್ದು. ಇಬ್ಬರೂ ಚಾಪ್‌ಸ್ಟಿಕ್ಕಿನಿಂದ ತಳ ಕೆದಕಿ, ನಿಧಿ ಸಿಕ್ಕವರ ಹಾಗೆ ಕೂಗಿದರು.

ಆಮೇಲೆ ನಮ್ಮ ಸುತ್ತಿಗೂ ಬಂದು ಕೂತರು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ಅರ್ಧ ಬಿಯರ್ ಸಹ ಕುಡಿದಿರಲಿಲ್ಲ. ಹುಡುಗ ಲೋಟ ಬಾಯಿಗಿಟ್ಟು, "ಇದು ಬರೀ..." ಎನ್ನುವಷ್ಟರಲ್ಲಿ ತೊಮೊರಿ ಅವನ ಬೆನ್ನಿಗೆ ಗುದ್ದಿದ. "ಕುಡಿ ತಮ್ಮಾ, ಕುಡಿ! ಇದು ಬಲೇ ಕಿಲಾಡಿ. ಮೊದಲು ಏನೂ ಅನ್ಸಲ್ಲ, ಆಮೇಲೆ ಹೊಡೆಯತ್ತೆ!" ಬೆಪ್ಪ ತೊಮೊರಿ, ಗೊತ್ತಿಲ್ಲದೆಯೇ ನನ್ನ ಮಾನ ಉಳಿಸಿದ.

ಹುಡುಗಿ ಎದ್ದು ನಿಂತಳು. ನಿನ್ನೆ ಸಮುದ್ರದ ದಂಡೆಯಲ್ಲಿ ಇಬ್ಬರೇ ಮದುವೆಯಾದೆವು, ಮನೆಯವರು ಯಾರೂ ಬರಲಿಲ್ಲ, ಇವತ್ತು ಇಷ್ಟು ಜನರ ಜೊತೆ ಕೂತು ಉಂಡದ್ದು ಸಂತೋಷ ಎಂದಳು. ಮುಂದಿನ ಸರದಿ ನನ್ನದು. "ಬಂದದ್ದು ಸಂತೋಷ, ಕುಡೀರಿ" ಎನ್ನುವುದು ನನ್ನ ವಾಡಿಕೆ. ಆದರೆ ಮಾತು ಉದ್ದ ಮಾಡಿದರೆ ಲೋಟ ಮತ್ತೆ ಆ ಹುಡುಗನ ಕೈಗೆ ಹೋಗುವುದು ತಡವಾಗುತ್ತದಲ್ಲ, ಆ ಲೆಕ್ಕದಲ್ಲಿ ಬಾಯಿಗೆ ಬಂದದ್ದು ಹೇಳಿದೆ:

"ನನ್ನ ಹೆಂಡ್ತಿ ತರಾಮಾ ದ್ವೀಪದೋಳು. ಮದುವೆ ದಿನ ದೋಣೀಲಿ ದಾರಿಯುದ್ದಕ್ಕೂ ವಾಂತಿ. ನಮ್ಮ ಬಂದರಲ್ಲಿ ಇಳಿದೋಳೇ ನನ್ನ ಮುಖ ನೋಡಿ ಮೊದಲು ಕೇಳಿದ್ದು ಏನು ಗೊತ್ತಾ? 'ವಾಪಸ್ ದೋಣಿ ಎಷ್ಟೊತ್ತಿಗೆ?' ಅಂತ. ಮೂವತ್ತೊಂದು ವರ್ಷ ಆಯ್ತು. ನಾನಿನ್ನೂ ಹೇಳಿಲ್ಲ. ನೀವೂ ಒಬ್ಬರಿಗೊಬ್ಬರು ಹೇಳ್ಬೇಡಿ."

ಹುಡುಗಿ ನಕ್ಕು ನಕ್ಕು ಅತ್ತಳು. ಅಡುಗೆಮನೆಯ ಪರದೆಯ ಹತ್ತಿರ ಯಾಯೆಕೊ ಕರಿದ ಮೀನಿನ ತಟ್ಟೆ ಹಿಡಿದು ನಿಂತೇ ಇದ್ದಳು. ಮೀನು ಆರಿಹೋಯಿತು.

ಅಂಗಡಿ ಒರೆಸುವಾಗ ಅವಳೆಂದಳು: "ನಾಲ್ಕೂವರೆಗಿತ್ತು ದೋಣಿ. ಅವತ್ತೇ ಬೋರ್ಡ್ ನೋಡ್ಕೊಂಡಿದ್ದೆ."

ಜುಲೈ ೨೮, ಸೋಮವಾರ

ಎರಡು ದಿನ ಚಂಡಮಾರುತ. ವಿಮಾನಗಳಿಲ್ಲ, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಶಟರ್ ಎಳೆದು ಒಳಗೆ ಇಬ್ಬರೇ. ಡಬ್ಬಿ ಮಾಂಸಕ್ಕೆ ಮೊಟ್ಟೆ ಒಡೆದು ಹಾಕಿ ತಿಂದೆವು, ಇಸ್ಪೀಟು ಆಡಿದೆವು. ಯಾಯೆಕೊ ಮೋಸ ಮಾಡುತ್ತಾಳೆ. ಇದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ರಾತ್ರಿ ಅವಳು ಗೊರಕೆ ಹೊಡೆಯುತ್ತಾಳೆ ಎಂಬುದೂ ಗೊತ್ತಿರಲಿಲ್ಲ. ಬೆಳಿಗ್ಗೆ ಹೇಳಿದ್ದಕ್ಕೆ, "ಮೂವತ್ತೊಂದು ವರ್ಷದಿಂದ ಹೊಡೀತಿದ್ದೀನಿ, ಕೇಳಿಸ್ಕೊಳ್ಳೋಕೆ ಜನ ಎಚ್ಚರ ಇರ್ಬೇಕಲ್ಲ" ಎಂದಳು.

ಆಗಸ್ಟ್ ೯

ಸಾಲು ನಿಲ್ಲುತ್ತಿದ್ದಾರೆ ಪ್ರವಾಸಿಗಳು. ಯಾರೋ ಫೋನಿನಲ್ಲಿ ಬರೆದಿದ್ದಾರಂತೆ, ಇಲ್ಲಿನ ಯಜಮಾನ ಕಥೆ ಹೇಳುತ್ತಾನೆ ಎಂದು. ಬೇರೆ ಯಾವುದೋ ಅಂಗಡಿ ಇರಬೇಕು. ಬರೆಯಲು ಪುರುಸೊತ್ತಿಲ್ಲ.

ಆಗಸ್ಟ್ ೨೩, ಶನಿವಾರ

ಭೂಮಿ ಬಾಯಿಬಿಟ್ಟು ನುಂಗಬಾರದೆ.

ಮಧ್ಯಾಹ್ನ ಮೀನು ಶುಚಿ ಮಾಡುತ್ತಿದ್ದೆ. ಎದುರಿನ ಬಾರಿನ ಯೋನಾಹಾ ಒಂದು ಪೆಟ್ಟಿಗೆ ಮಾವಿನಹಣ್ಣು ಹೊತ್ತುಕೊಂಡು ಬಂದ. ಇಪ್ಪತ್ತು ವರ್ಷದಲ್ಲಿ ಅವನು ನನಗೊಂದು ನಿಂಬೆಹಣ್ಣೂ ಕೊಟ್ಟವನಲ್ಲ.

"ಏನಿದು?" ಎಂದೆ.

"ಥ್ಯಾಂಕ್ಸ್ ಹೇಳೋಣ ಅಂತ ಬಂದೆ ಗೆಂಕಿಚಿ ಅವ್ರೆ. ನನ್ನ ಜನ್ಮದಲ್ಲಿ ಇಂಥ ವ್ಯಾಪಾರ ನೋಡಿಲ್ಲ. ನಿಮ್ಮಲ್ಲಿ ರಾತ್ರಿ ಪೂರ್ತಿ ನೀರು ಕುಡಿದು, ಪಾಪ, ಬಾಯಾರ್ಕೊಂಡು ಬರ್ತಾರೆ ಎಲ್ಲಾ."

ಚಾಕು ಕೈಯಲ್ಲೇ ಉಳಿಯಿತು. "ಯಾರ್ಯಾರಿಗೆ ಗೊತ್ತು?" ಎಂದೆ.

ಅವನ ಮುಖ ಕಪ್ಪಿಟ್ಟಿತು. "ನಿಮಗೆ... ನಿಮಗೆ ಗೊತ್ತಿಲ್ವಾ ಅವರಿಗೆ ಗೊತ್ತಿರೋದು? ಅಯ್ಯಯ್ಯೋ. ನಾನು ಬಂದೇ ಇಲ್ಲ ಅಂದ್ಕೊಳ್ಳಿ" ಎಂದು ಮಾವಿನಹಣ್ಣು ಅಲ್ಲೇ ಬಿಟ್ಟು ಓಡಿದ.

ಯಾಯೆಕೊ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಕೇಳುವ ಮೊದಲೇ ಹೇಳಿದಳು: "ಹೌದು. ನಾನೇ ಹೇಳಿದ್ದು. ಆಸ್ಪತ್ರೆಯಿಂದ ಬಂದ ಮಾರನೇ ದಿನಾನೇ. ನೆಮಾ ಅವರೊಬ್ಬರಿಗೆ. ಉಳಿದೋರಿಗೆ ಅವರೇ ಹೇಳಿರ್ಬೇಕು."

"ಅಷ್ಟು ಜನ ಇರುವಾಗ ಅವನಿಗೇ ಯಾಕೆ?"

"ನೀವು ಹೆದರಿದ್ದು ಅವರಿಗೇ ತಾನೆ?"

ಬಾಗಿಲಿಗೆ ರಜೆ ಎಂದು ಚೀಟಿ ಅಂಟಿಸಿದೆ. ನಾನಾಗಿಯೇ ಶನಿವಾರ ಅಂಗಡಿ ಮುಚ್ಚಿದ್ದು ಅಪ್ಪ ಸತ್ತ ದಿನ ಬಿಟ್ಟರೆ ಇವತ್ತೇ. ನಾನೊಬ್ಬನೇ ಜಾಣ, ಉಳಿದವರೆಲ್ಲ ಕುಡುಕರು ಎಂದು ಎರಡು ತಿಂಗಳು ಒಳಗೊಳಗೇ ಬೀಗಿದೆನಲ್ಲ. ಷೆಲ್ಫಿನಲ್ಲಿ ಬಾಟಲಿ ಇದೆ, ಕೈಗೆ ಎಟುಕುತ್ತದೆ. ಇಷ್ಟು ಸಿಟ್ಟಿನಲ್ಲೂ ಅದು ನೆನಪಾದದ್ದು ಇದನ್ನು ಬರೆಯುವಾಗಲೇ.

ಆಗಸ್ಟ್ ೨೪, ಭಾನುವಾರ

ಸಂಜೆ ನೆಮಾ ಬಂದು ಶಟರ್ ಬಡಿದ. ಅಂಚೆಯವನ ಬಡಿತ, ತೆಗೆಯುವವರೆಗೆ ನಿಲ್ಲುವುದಿಲ್ಲ.

"ನೀವೆಲ್ಲ ಸೇರ್ಕೊಂಡು ನನ್ನ ಕೋಡಂಗಿ ಮಾಡಿದ್ರಿ" ಎಂದೆ.

"ಎರಡು ತಿಂಗಳು, ವಾರಕ್ಕೆ ಮೂರು ದಿನ, ನೀರು ಕುಡಿದು ಸತ್ತ ಅಮ್ಮನ್ನ ನೆನೆಸ್ಕೊಂಡು ಅತ್ತೋನು ನಾನು. ಕೋಡಂಗಿ ಯಾರು ಹೇಳು?"

"ಅದೂ ನಾಟಕಾನಾ?"

"ಮತ್ತೆ? ಯಾವತ್ತು ಯಾರು ಅಳೋದು, ಯಾರು ಉರುಳೋದು ಅಂತ ಪಾಳಿ ಮಾಡ್ಕೊಂಡಿದ್ವಿ. ತೊಮೊರಿ ನಾಲಾಯಕ್, ಪ್ರತಿ ಸಲ ಮಲಗೋ ಪಾಳೀನೇ ಕೇಳ್ತಾನೆ."

ನಗು ಬಂತು, ತಡೆದೆ. ಮೊದಲು ಹೇಳಬೇಕಾದದ್ದು ಬೇರೆ ಇತ್ತು. ಕುಡಿದಾಗ ಎಷ್ಟೋ ಜನರ ಕ್ಷಮೆ ಕೇಳಿದ್ದೇನೆ, ಗೋಡೆಯದೂ ಕೇಳಿದ್ದೇನೆ. ಕುಡಿಯದೆ ಕೇಳುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ.

"ಅವತ್ತು ನೀನು ಟೀ ಕೇಳಿದಾಗ ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು ಕಣೋ" ಎಂದೆ.

ನೆಮಾ ಷೂ ಬಿಚ್ಚಿ ಒಳಗೆ ಬಂದು ಕೂತ.

"ಅವತ್ತು ಮನೆಗೆ ಹೋಗ್ತಾ ಅಂದ್ಕೊಂಡೆ, ಇವನಿಗೂ ಒಂದಿನ ಬರತ್ತೆ, ಬಂದಾಗ ಎದುರಿಗೆ ಕೂತು ನಗ್ತೀನಿ ಅಂತ. ಹನ್ನೊಂದು ವರ್ಷ ಕಾದೆ ಗೆಂಕಿಚಿ. ಕೊನೆಗೂ ಬಂತು. ನೀನು ಒಲೆ ಒಲೆ ಅಂತ ಒಂಬತ್ತು ಸಲ ಎದ್ದು ಓಡಿದೆಯಲ್ಲ, ಅವತ್ತು. ನಗೋಣ ಅಂತಾನೇ ಬಂದಿದ್ದೆ. ಬರ್ಲಿಲ್ಲ ನಗು. ಏನ್ ಮಾಡ್ಲಿ."

ಯಾಯೆಕೊ ಮಾವಿನಹಣ್ಣು ಹೆಚ್ಚಿ ತಂದಿಟ್ಟಳು. ಮೂವರೂ ತಿಂದೆವು. ಯೋನಾಹಾ ಲೋಭಿಯಾದರೂ ಹಣ್ಣು ಒಳ್ಳೆಯದೇ ತಂದಿದ್ದ.

ಆಗಸ್ಟ್ ೨೬, ಮಂಗಳವಾರ

ಮೇಜಿನ ಮೇಲೆ ಎರಡು ಜಗ್ಗು ಇಟ್ಟೆ. ಒಂದರ ಮೇಲೆ ದಪ್ಪ ಅಕ್ಷರದಲ್ಲಿ 'ನೀರು' ಎಂದು ಬರೆದು ಅಂಟಿಸಿದೆ. ಎದ್ದು ನಿಂತು ಲಿವರ್, ಅಪ್ಪ, ಸೆಪ್ಟೆಂಬರ್ ಹದಿನೇಳು, ಎಲ್ಲವನ್ನೂ ಹೇಳಿದೆ. ಮಾತು ಮುಗಿದಾಗ ತೊಮೊರಿ ಎರಡೂ ಕೈ ಮೇಲೆತ್ತಿದ. "ಅಬ್ಬಾ! ಇನ್ನು ಇಲ್ಲೇ ನಿಜವಾಗಿ ಕುಡೀಬಹುದು. ಉಚ್ಚೆ ಹೊಯ್ದು ಹೊಯ್ದು ಸಾಕಾಗಿತ್ತು ಯಜಮಾನ್ರೆ!"

ನೀರಿನ ಜಗ್ಗಿಗೆ ನಾನೊಬ್ಬನೇ ಎಂದುಕೊಂಡಿದ್ದೆ. ಬಸ್ ಓಡಿಸುವ ಮುದುಕ ಮೆಲ್ಲಗೆ ಲೋಟ ಈ ಕಡೆ ಚಾಚಿದ. ಆಮೇಲೆ ಹೋಟೆಲಿನಲ್ಲಿ ಹಾಸಿಗೆ ಹಾಸುವ ಹೆಂಗಸು. ಆಮೇಲೆ ನೆಮಾ. ಪ್ರತಿ ಸಲ ಮನೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದನಂತೆ, ಹನ್ನೊಂದು ವರ್ಷದಿಂದ. ನನಗೆ ಅವನ ಮುಖ ನೋಡಲಾಗಲಿಲ್ಲ. ಜಗ್ಗು ಎರಡು ಸಲ ತುಂಬಿಸಬೇಕಾಯಿತು.

ಸೆಪ್ಟೆಂಬರ್ ೬, ಶನಿವಾರ

ಹಬ್ಬಕ್ಕೆಂದು ಮನೆಗೆ ಬಂದ, ತೀರಿಹೋದ ಹಿರಿಯರನ್ನು ಬೀಳ್ಕೊಡುವ ರಾತ್ರಿ. ದೇವರ ಗೂಡಿನಲ್ಲಿರುವ ಅಪ್ಪನ ಫೋಟೋದ ಮುಂದೆ ಒಂದು ಲೋಟ ಸಾರಾಯಿ ಇಟ್ಟೆ. ಅವನಿಗಿನ್ನೇನು ತೊಂದರೆ, ಕುಡಿಯಲಿ.

ಸೆಪ್ಟೆಂಬರ್ ೧೬, ಮಂಗಳವಾರ

ನಾಳೆ. ಯಾಯೆಕೊಗೆ ಅಂಗಡಿಯ ಬೀಗ ಯಾವುದು, ಮೀನಿನವನ ಫೋನ್ ನಂಬರ್ ಯಾವುದು ಎಂದು ತೋರಿಸಲು ಹೋದೆ. "ಮೂವತ್ತು ವರ್ಷದಿಂದ ಮೀನಿನವನಿಗೆ ಫೋನ್ ಮಾಡೋದು ನಾನೇ" ಎಂದಳು. ಹೌದಲ್ಲ.

ಸಾಯಲು ನನಗೆ ಇಷ್ಟವಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ, ಬೇರೆ ಯಾರಿಗೂ ಹೇಳುವ ಮಾತಲ್ಲ.

ಸೆಪ್ಟೆಂಬರ್ ೧೭, ಬುಧವಾರ

ಇಳಿದಿದೆ! ಅರ್ಧಕ್ಕಿಂತ ಕೆಳಗೆ! ಡಾಕ್ಟರಮ್ಮ ಕಾಗದವನ್ನು ಎರಡು ಸಲ ನೋಡಿದಳು. ನಾಹಾದ ಆಸ್ಪತ್ರೆ ಬೇಡ, ಅಂಗಡಿ ಮುಚ್ಚುವುದು ಬೇಡ.

"ಹಾಗಾದ್ರೆ ಇನ್ನು ಒಂದು ಲೋಟ..." ಎಂದೆ.

"ಇಲ್ಲ. ಯಾವತ್ತೂ ಇಲ್ಲ."

ಸಮಾಧಾನವಾಯಿತು. ಹೂಂ ಎಂದುಬಿಡುತ್ತಾಳೇನೋ ಎಂದು ಹೆದರಿದ್ದೆ ಅಂತ ಕಾಣುತ್ತದೆ. ವಿಚಿತ್ರ.

ಮನೆಗೆ ಬಂದ ಮೇಲೆ ಯಾಯೆಕೊ ಹಾಸಿಗೆ ಬೀರುವಿನ ತಳದಿಂದ ಬಟ್ಟೆ ಸುತ್ತಿದ ಒಂದು ಫ್ರೇಮು ತೆಗೆದು ನನ್ನ ಮುಂದಿಟ್ಟಳು. ಬಿಚ್ಚಿದೆ. ಸತ್ತವರಿಗೆ ಹಾಕಿಸುವಂಥ ಕಪ್ಪು ಚೌಕಟ್ಟಿನ ದೊಡ್ಡ ಫೋಟೋ.

"ಅಪ್ಪನ ಫೋಟೋ ಯಾಕೆ ಇಲ್ಲಿ ತಂದೆ?" ಎಂದೆ. "ಅದು ಅವನ ಗೂಡಿನಲ್ಲೇ ಇರಲಿ."

"ಸರಿಯಾಗಿ ನೋಡಿ" ಎಂದಳು.

ಊದಿಕೊಂಡ ಕೆನ್ನೆ, ಹಳದಿಗೆ ತಿರುಗಿದ ಕಣ್ಣು. ಕೊರಳಲ್ಲಿ ನೀಲಿ ಟೈ. ಆ ಟೈ ನನ್ನದು. ಈ ಮಾರ್ಚಿನಲ್ಲಿ ನನ್ನ ತಂಗಿಯ ಮಗಳ ಮದುವೆಗೆಂದು ಕೊಂಡದ್ದು.

"ಜೂನಲ್ಲಿ ದೊಡ್ಡದು ಮಾಡಿಸ್ದೆ" ಎಂದಳು ಯಾಯೆಕೊ. "ಆಸ್ಪತ್ರೆಯಿಂದ ಬಂದ ವಾರವೇ. ಹೆದರಿಕೆ ಆಗಿತ್ತು ರೀ. ಏನಾದ್ರೂ ಕೆಲಸ ಬೇಕಿತ್ತು ಕೈಗೆ." ಆಮೇಲೆ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನೆಮಾನ ಹಾಗೆ ಪಾಳಿಯ ಅಳುವಲ್ಲ. ಏನು ಮಾಡಬೇಕೆಂದು ತಿಳಿಯದೆ ಅವಳ ಬೆನ್ನು ಸವರುತ್ತಾ ಕುಳಿತೆ, ಅನ್ನ ಸೀಯುವ ವಾಸನೆ ಬರುವವರೆಗೆ.

"ಇದು ಆಗಲ್ಲ" ಎಂದೆ. "ನನ್ನ ಹಾಗೇ ಇಲ್ಲ."

ಅವಳು ಮೂಗು ಒರೆಸಿಕೊಂಡು ಒಮ್ಮೆ ಫೋಟೋ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ತುಂಬ ಹೊತ್ತು.

"ಇಲ್ಲ, ಇಲ್ಲ" ಎಂದಳು. "ಹೊಸದು ತೆಗೆಸೋಣ. ಇಬ್ಬರೂ ನಿಂತ್ಕೊಂಡು."

ಶನಿವಾರ ಬೇಡ, ಜನ ಜಾಸ್ತಿ. ಸೋಮವಾರ ರಜೆ, ಆವತ್ತು ಹೋಗೋಣ ಎಂದೆ.